ಬೇವಿನ ಮರದ ಬುಡದಲ್ಲಿ ನಿಂತವರು

ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡ ಸಂಘದ ಸಭಾಗೃಹದಲ್ಲಿ ಸಿನಿಮಾ ಮುಗಿದು ದೀಪ ಹತ್ತಿದಾಗ ಪ್ರಿಯಂವದಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ಎದುರಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಸಂಘದ ಕಾರ್ಯದರ್ಶಿ ರಘುಪತಿ ರಾಯರು ಮೈಕ್ ಹಿಡಿದು, "ಕೂತ್ಕೊಳ್ಳಿ ಪ್ರಿಯಾ, ಹೊರಡ್ಬೇಡಿ. ಈಗ ಚರ್ಚೆ ಉಂಟು, ಆಮೇಲೆ ಚಾ" ಎಂದರು. ಅವಳು ಕುಳಿತಳು.

ಸಿನಿಮಾದ ಹೆಸರು 'ಮೂರನೇ ನಾಕಾ', ಅಂದರೆ ಮೂರನೇ ಚೆಕ್‌ಪೋಸ್ಟು. ಹೊಸಬರು ಸೇರಿ ಮಾಡಿದ ಸಣ್ಣ ಬಜೆಟ್ಟಿನ ಚಿತ್ರ. ರಸ್ತೆಯ ಈ ಬದಿ ಕರ್ನಾಟಕ, ಆ ಬದಿ ಮಹಾರಾಷ್ಟ್ರ ಇರುವ ಒಂದು ಗಡಿಯೂರಲ್ಲಿ ನಡೆಯುವ ಕತೆ. ಬೆಳಗಿನ ಜಾವದ ಬಸ್ಸಿನಲ್ಲಿ ಒಬ್ಬ ಹೆಂಗಸು ಹತ್ತುತ್ತಾಳೆ. ಎರಡು ಚೆಕ್‌ಪೋಸ್ಟುಗಳ ನಡುವೆ ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ಆದರೂ ಎರಡನೆಯದರಲ್ಲಿ ನೋಡಿದರೆ ಸೀಟಿನ ಮೇಲೆ ಅವಳ ಚೀಲ ಮಾತ್ರ ಇರುತ್ತದೆ. ಆ ಕಡೆಯ ಪೊಲೀಸರು ಇದು ನಮ್ಮ ಹದ್ದಲ್ಲ ಎನ್ನುತ್ತಾರೆ, ಈ ಕಡೆಯವರೂ ಅದನ್ನೇ ಹೇಳುತ್ತಾರೆ. ಕಂಡಕ್ಟರನೊಬ್ಬನೇ ಅವಳನ್ನು ಹುಡುಕುತ್ತ ಅಲೆಯುತ್ತಾನೆ. ಕೊನೆಗೆ ಊರಾಚೆಯ ರಸ್ತೆ, ಒಂದು ಬೇವಿನ ಮರ, ಇನ್ನೂ ಹರಿಯದ ಬೆಳಕು. ಕ್ಯಾಮೆರಾ ಒಂದು ನಿಮಿಷ ಅಲ್ಲಾಡದೆ ಅದನ್ನೇ ನೋಡುತ್ತದೆ. ಚಿತ್ರ ಮುಗಿಯುತ್ತದೆ.

"ಕಂಡಕ್ಟರನೇ ಕೊಂದದ್ದು, ಸಂಶಯವೇ ಇಲ್ಲ," ಎಂದು ಮುರಾರಿ ಮೊದಲು ಎದ್ದ. ಥಾಣೆಯಲ್ಲಿ ವಕೀಲರ ಆಫೀಸಿನಲ್ಲಿರುವವನು. "ಇಲ್ಲದಿದ್ದರೆ ಅವನಿಗೆ ಯಾಕೆ ಅಷ್ಟು ಉಸಾಬರಿ?"

"ಅಂಕಲ್, ವೋ ಔರತ್ ಥೀ ಹೀ ನಹೀಂ, ಆ ಹೆಂಗಸು ಇರಲೇ ಇಲ್ಲ," ಎಂದಳು ಕಾಲೇಜಿನ ಹುಡುಗಿ ಸೋನಾಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಅರ್ಧಂಬರ್ಧ ಬರುತ್ತದೆ. "ಬಸ್ಸಲ್ಲಿ ಬೇರೆ ಯಾರೂ ಅವಳ ಜೊತೆ ಮಾತೇ ಆಡಿಲ್ಲ, ದೇಖಾ ಆಪ್‌ನೇ?"

ಶಹಾಡಿನಿಂದ ಬಂದಿದ್ದ ಗುರಮ್ಮ ತಲೆಯಾಡಿಸಿದರು. ವಿಜಯಪುರದ ಕಡೆಯವರು, ಅರವತ್ತು ದಾಟಿದವರು. "ಕೊಂದೂ ಇಲ್ಲ, ಏನೂ ಇಲ್ಲ. ಆಕಿ ತಾನಾಗೇ ಇಳದು ಹೋಗ್ಯಾಳ. ಹೋಗೋರು ಹಂಗೇ ಹೋಗತಾರ." ಮುಂದಕ್ಕೆ ಬಾಗಿ ಕೇಳಿದರು: "ಅದಿರಲಿ, ಕಡೀಕ ಆ ಬೇವಿನ ಗಿಡದ ಬುಡಕ ಸೆರಗು ಹೊತ್ತು ನಿಂತಿದ್ಲಲ್ಲ, ಆ ಮುದುಕಿ ಯಾರು?"

"ಯಾವ ಮುದುಕಿ? ಅಲ್ಲಿ ಯಾರೂ ಇರ್ಲಿಲ್ಲ," ಎಂದ ಮುರಾರಿ. ಇನ್ನೂ ನಾಲ್ಕಾರು ಜನ ಹಾಗೆಯೇ ಎಂದರು. ಮರ, ರಸ್ತೆ, ಮಂಜು, ಅಷ್ಟೇ. ಗುರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಕುಳಿತುಬಿಟ್ಟರು.

ಪ್ರಿಯಂವದಾ ಆ ಮರದ ಬುಡದಲ್ಲಿ ಕಂಡದ್ದು ಮುದುಕಿಯನ್ನಲ್ಲ. ತನ್ನ ಅಣ್ಣ ಮಧ್ವರಾಜನನ್ನು.

ಅವನು ಮನೆ ಬಿಟ್ಟು ಇಪ್ಪತ್ತೈದು ವರ್ಷಗಳಾಗಿದ್ದವು. ಆಗ ಅವರ ತಂದೆ ಥಾಣೆ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಉಡುಪಿ ಹೋಟೆಲು ನಡೆಸುತ್ತಿದ್ದರು. ಇಪ್ಪತ್ತೆರಡರ ಮಧ್ವನಿಗೆ ಹೋಟೆಲು ಬೇಡವಾಗಿತ್ತು. ಒಂದು ಬೆಳಿಗ್ಗೆ ಗಿರಾಕಿಗಳ ಎದುರೇ ತಂದೆ ಅವನ ಕೆನ್ನೆಗೆ ಹೊಡೆದರು. ಅವನು ಏಪ್ರನ್ ಬಿಚ್ಚಿ ಗಲ್ಲಾದ ಮೇಲೆ ಮಡಚಿಟ್ಟು, ರಸ್ತೆ ದಾಟಿ ಸ್ಟೇಷನ್ನಿನ ಜನಸಂದಣಿಯಲ್ಲಿ ಕಾಣದಾದ. ಪೊಲೀಸ್ ಕಂಪ್ಲೇಂಟು, ಪತ್ರಿಕೆಯಲ್ಲಿ ಫೋಟೋ, ಜ್ಯೋತಿಷಿ, ಎಲ್ಲ ಆಯಿತು. ತಂದೆ ತೀರಿಕೊಂಡರು, ಹೋಟೆಲು ಹೋಯಿತು. ಪ್ರಿಯಂವದಾ ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಕೆಲಸ ಹಿಡಿದು ತಾಯಿಯೊಂದಿಗೆ ಡೊಂಬಿವಲಿಗೆ ಬಂದಳು. ಅವಳ ಮದುವೆಯ ಮಾತು ಬಂದಾಗಲೆಲ್ಲ ತಾಯಿ ವಸಂತಿ, "ಅವನು ಬರಲಿ, ಮಾಡುವ" ಎನ್ನುತ್ತಿದ್ದರು. ಹಾಗೆ ಅನ್ನುತ್ತಲೇ ಅವಳಿಗೆ ನಲವತ್ತನಾಲ್ಕಾಗಿತ್ತು.

ಅವಳನ್ನು ನಡುಗಿಸಿದ್ದು ಅಣ್ಣ ಕಂಡದ್ದಷ್ಟೇ ಅಲ್ಲ. ಚಿತ್ರ ತೆಗೆದದ್ದು ಎರಡು ವರ್ಷಗಳ ಹಿಂದೆ. ಮರದ ಬುಡದಲ್ಲಿದ್ದವನಿಗೆ ಇಪ್ಪತ್ತೆರಡೇ ವಯಸ್ಸು. ಅದೇ ತೆಳ್ಳಗಿನ ಕುತ್ತಿಗೆ, ಅದೇ ನೀಲಿ ಚೌಕಳಿ ಅಂಗಿ. ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ, ಪೆಟ್ಟು ಈಗಷ್ಟೇ ಬಿದ್ದಂತೆ.

ಆ ರಾತ್ರಿ ಅಮ್ಮನಿಗೆ ಏನೂ ಹೇಳಲಿಲ್ಲ. ರಘುಪತಿ ರಾಯರಿಂದ ಚಿತ್ರದ ಲಿಂಕ್ ತರಿಸಿಕೊಂಡು, ಸೋಮವಾರ ಥಾಣೆಗೆ ಹೋಗುವ ಲೋಕಲ್ಲಿನ ನೂಕುನುಗ್ಗಲಲ್ಲಿ ಮೊಬೈಲನ್ನು ಮುಖಕ್ಕೆ ಹಿಡಿದು ಆ ಕೊನೆಯ ನಿಮಿಷವನ್ನು ಹನ್ನೊಂದು ಸಲ ನೋಡಿದಳು. ನಿಲ್ಲಿಸಿ ನೋಡಿದಳು, ದೊಡ್ಡದು ಮಾಡಿ ನೋಡಿದಳು. ಮರದ ಕಾಂಡ, ಮಂಜು. ಯಾರೂ ಇರಲಿಲ್ಲ. ಭುಜದ ಮೇಲಿಂದ ಇಣುಕುತ್ತಿದ್ದ ಅಪರಿಚಿತ ಹೆಂಗಸು ಮಾತ್ರ ಒಮ್ಮೆಲೇ "ಅಗಂ ಬಾಯೀ!" ಎಂದು ಉದ್ಗರಿಸಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದಳು.

ಮುಂದಿನ ಭಾನುವಾರ ಮಧ್ಯಾಹ್ನ ನೆರೂಳಿನ ಕನ್ನಡಿಗರು ಅದೇ ಚಿತ್ರವನ್ನು ತೋರಿಸುವವರಿದ್ದರು. ನಿರ್ದೇಶಕನೂ ಬರುತ್ತಾನೆಂದು ಗೊತ್ತಾಯಿತು. ಆ ದಿನ ಬೆಳಿಗ್ಗೆ ಪ್ರಿಯಂವದಾ ತಾಯಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ವಸಂತಿ ಅಳಲಿಲ್ಲ. ಒಳಗೆ ಹೋಗಿ, ಮದುವೆ ಮುಂಜಿಗಳಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು ಬಂದರು. ಕನ್ನಡಕವನ್ನು ಎರಡೆರಡು ಸಲ ಒರೆಸಿದರು.

ನೆರೂಳಿನ ದೊಡ್ಡ ಪರದೆಯ ಮೇಲೆ ಬೇವಿನ ಮರ ಬಂತು. ಮೊದಲು ಏನೂ ಇಲ್ಲ. ಆಮೇಲೆ, ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಮನೆಯೊಳಗಿನ ಸಾಮಾನು ಕಾಣತೊಡಗುವ ಹಾಗೆ, ಅವನು ಇದ್ದ. ಮೊದಲಿನಿಂದಲೂ ಇದ್ದವನಂತೆ. ಈ ಸಲ ಕೈ ಕೆನ್ನೆಯ ಮೇಲಿರಲಿಲ್ಲ, ಕೆಳಗಿಳಿದಿತ್ತು. ಮುಖ ಸ್ವಲ್ಪ ಇತ್ತ ತಿರುಗಿತ್ತು.

"ಅಮ್ಮ, ಅಲ್ಲಿ. ಬಲಗಡೆ. ಕಂಡಿತಾ?"

"ಎಲ್ಲಿ?"

"ಮರದ ಹತ್ತಿರ ಅಮ್ಮ. ಈಚೆ ನೋಡ್ತಾ ಇದ್ದಾನೆ."

ದೀಪ ಹತ್ತಿತು. ವಸಂತಿ ಬಿಳಿಯ ಪರದೆಯನ್ನೇ ನೋಡುತ್ತ ಕುಳಿತಿದ್ದರು. "ಮರ ಉಂಟು," ಎಂದರು ನಿಧಾನವಾಗಿ. "ಮರ ಒಂದೇ ಉಂಟು. ಹೆತ್ತವಳು ನಾನು. ನನಗೆ ಯಾಕೆ ಕಾಣುವುದಿಲ್ಲ?"

ನಿರ್ದೇಶಕ ಸುಜನ್ ಮೂವತ್ತರ ಆಸುಪಾಸಿನವನು, ಬೆಂಗಳೂರಿನಿಂದ ಬಂದಿದ್ದ. ಜನ ಅವನನ್ನು ಸುತ್ತುವರಿದು, ಹೆಂಗಸು ಸತ್ತಳೇ ಓಡಿಹೋದಳೇ ಎಂದು ಪೀಡಿಸುತ್ತಿದ್ದರು. ಅವನು ನಗುತ್ತ, "ನಿಮಗೆ ಹೇಗೆ ಅನ್ಸತ್ತೋ ಹಾಗೆ" ಎಂದು ಜಾರಿಕೊಳ್ಳುತ್ತಿದ್ದ. ಪ್ರಿಯಂವದಾ ಅವನನ್ನು ಬದಿಗೆ ಕರೆದು ಮರದ ಕೆಳಗೆ ನಿಲ್ಲಿಸಿದ್ದು ಯಾರನ್ನು ಎಂದು ಕೇಳಿದಾಗ ಆ ನಗು ಮಾಯವಾಯಿತು.

"ಯಾರನ್ನೂ ನಿಲ್ಲಿಸಿಲ್ಲ ಮೇಡಂ. ಬೆಳಗಿನ ಜಾವ ಐದೂಕಾಲಿಗೆ ತೆಗೆದಿದ್ದು. ರಸ್ತೆ ಎರಡೂ ಕಡೆ ಕ್ಲೋಸ್ ಮಾಡಿಸಿದ್ವಿ. ನಾವು ಆರು ಜನ, ಎಲ್ಲರೂ ಕ್ಯಾಮೆರಾ ಹಿಂದೇನೇ ಇದ್ವಿ. ಹೋದ ಕಡೆಯೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳ್ತಾರೆ. ಮೊದಮೊದಲು ತಮಾಷೆ ಅನ್ನಿಸ್ತಿತ್ತು. ಈಗ ನಾನು ಆ ಶಾಟ್ ಬರೋ ಹೊತ್ತಿಗೆ ಹೊರಗೆ ಹೋಗ್ಬಿಡ್ತೀನಿ."

"ನಿಮಗೆ ಯಾರಾದರೂ ಕಾಣ್ತಾರಾ?"

ಅವನು ಫೋನು ತೆಗೆದು ಒಂದು ನಂಬರು ಹುಡುಕಿದ. "ಶೂಟಿಂಗ್ ಮಾಡಿದ ಊರಲ್ಲೇ ಮೈದಾನದಲ್ಲಿ ಪರದೆ ಕಟ್ಟಿ ತೋರಿಸಿದ್ವಿ. ಮಾರನೇ ದಿನ ಒಬ್ಬ ಹೆಂಗಸು ಫೋನ್ ಮಾಡಿದ್ರು. ನೀವು ಕೇಳಿದ್ದನ್ನೇ ಕೇಳಿದ್ರು. ನಿಂತಿರೋದು ತಮ್ಮವರೇ ಅಂದ್ರು. ನೀವು ಮಾತಾಡಿ ನೋಡಿ."

ಹೆಂಗಸಿನ ಹೆಸರು ಮಹಾನಂದಾ. ಪ್ರಿಯಂವದಾ ಮರುದಿನ ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಕೆಳಗೆ ಲಾರಿಗಳು ಹಿಂದೆ ಸರಿಯುವ ಸದ್ದು. ಆ ಕಡೆಯಿಂದ ಬಂದದ್ದು ಎಚ್ಚರದ, ದಣಿದ ದನಿ.

"ಹೌದ್ರೀ, ನಾನ ಕೇಳಿದ್ದೆ. ನಮ್ಮ ಮನಿಯವರು ಅವರು. ತೀರಿಕೊಂಡು ಎಂಟು ವರ್ಷ ಆತು. ನಾಕಾದಾಗ ದೋಸೆ ಗಾಡಿ ಹಚ್ಚಿದ್ದರು. ಒಂದು ದಿನ ಹಿಟ್ಟು ಹುಯ್ಯೂಮುಂದ ಎದಿ ಹಿಡಕೊಂಡು ಕುಂತಾವರು ಏಳಲೇ ಇಲ್ಲ. ಸಿನಿಮಾದಾಗ ಬೂದಿ ಬಣ್ಣದ ಶಾಲು ಹೊತ್ತು ನಿಂತಾರ. ತಲಿ ಎಲ್ಲ ಬೆಳ್ಳಗ. ಕಡೀ ದಿನ ಹ್ಯಾಂಗಿದ್ದರೋ ಹಂಗ."

ಪ್ರಿಯಂವದಾಳಿಗೆ ನಿರಾಸೆಯಾಯಿತು. ಬೆಳ್ಳಗಿನ ತಲೆ, ಶಾಲು. ಇದು ಬೇರೆ ಯಾರೋ. ಫೋನಿಡಬೇಕೆಂದುಕೊಂಡವಳು ಸುಮ್ಮನೆ ಕೇಳಿದಳು: "ಅವರ ಊರು ಯಾವುದು?"

"ಹೇಳತಿರಲಿಲ್ಲರೀ. ರಾಜು ಅಂತ ಅಂದಿದ್ದರು, ಅಷ್ಟ. ಮುಂಬೈ ಕಡೆ ಹೋಟೆಲ್ಲಿನಾಗ ಇದ್ದೆ ಅಂತಿದ್ದರು. ರುಬ್ಬೂ ಮಷೀನಿಗೆ ಸಿಕ್ಕು ಎಡಗೈ ಕಿರಿಬೆರಳಿನ ತುದಿ ಹೋಗಿತ್ತು, ಅದನ್ನ ತೋರಿಸಿ ನಗತಿದ್ದರು."

ಆ ಬೆರಳ ತುದಿ ಹೋದ ದಿನ ರಕ್ತ ಒತ್ತಿಹಿಡಿದು ಆಸ್ಪತ್ರೆಗೆ ಓಡಿದವಳು ಪ್ರಿಯಂವದಾಳೇ. ಆಗ ಅವಳಿಗೆ ಹದಿನಾಲ್ಕು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಫೋಟೋಗಳು ಅತ್ತಿಂದಿತ್ತ ಹೋದವು. ಮಹಾನಂದಾ ಕಳಿಸಿದ ಚಿತ್ರದಲ್ಲಿ ಹೊಟ್ಟೆ ಬಂದ, ನರೆತ ತಲೆಯ ಗಂಡಸೊಬ್ಬ ಕಾವಲಿಯ ಹಿಂದೆ ನಿಂತಿದ್ದ. ನಲವತ್ತಕ್ಕೇ ಮುದುಕನಂತಾಗಿದ್ದ. ಪ್ರಿಯಂವದಾ ಅವನಲ್ಲಿ ಅಣ್ಣನನ್ನು ಹುಡುಕಿದಳು, ಸಿಕ್ಕಿದ್ದು ತಂದೆ. ಇವಳು ಕಳಿಸಿದ ಹಳೆಯ ಫೋಟೋಗೆ ಅಲ್ಲಿಂದ ಉತ್ತರ ಬಂತು: "ಈ ಹುಡುಗನ್ನ ನಾ ಕಂಡಿಲ್ಲ."

ಅಂದು ಸಂಜೆ ತಾಯಿಗೆ ಹೇಳುವುದು ಹೇಗೆಂದು ಯೋಚಿಸುತ್ತ ಅವಳು ಡೊಂಬಿವಲಿ ಸ್ಟೇಷನ್ನಿನಿಂದ ಮನೆಯವರೆಗೂ ನಡೆದೇ ಹೋದಳು. ಹೇಳಬೇಕಾಗಲೇ ಇಲ್ಲ. ಅವಳ ಮುಖ ನೋಡಿದ ವಸಂತಿ, "ಅವನು ಇಲ್ಲ ಅಲ್ಲವಾ?" ಎಂದರು. ಅವಳು ತಲೆಯಾಡಿಸಿದಳು. "ಎಷ್ಟು ವರ್ಷ ಆಯ್ತು?" "ಎಂಟು." ಇಪ್ಪತ್ತೈದು ವರ್ಷ ಮಗನ ಶ್ರಾದ್ಧದ ಮಾತೆತ್ತಲು ಯಾರನ್ನೂ ಬಿಡದಿದ್ದ ಆಕೆ ಗೋಡೆಗೆ ಒರಗಿ ಕುಳಿತರು. ಆಗ ಅಳು ಬಂತು. ಅದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಪ್ರಿಯಂವದಾ ಉಳಿದದ್ದನ್ನು ಹೇಳಿದಳು. ಅವನಿಗೊಬ್ಬಳು ಮಗಳಿದ್ದಾಳೆ, ಅಂಬಿಕಾ ಅಂತ, ಹತ್ತೊಂಬತ್ತು ವರ್ಷ, ನರ್ಸಿಂಗ್ ಓದುತ್ತಿದ್ದಾಳೆ.

"ಕರೆಸು," ಎಂದರು ವಸಂತಿ.

ಮಹಾನಂದಾ, ಅಂಬಿಕಾ ಬೆಳಗಿನ ಗಾಡಿಗೆ ಕಲ್ಯಾಣ ಸ್ಟೇಷನ್ನಿಗೆ ಬಂದಿಳಿದರು. ಇಳಿಯುವವರು, ಹತ್ತುವವರು, ಹಮಾಲರು ಎಲ್ಲ ಒಬ್ಬರ ಮೇಲೊಬ್ಬರು. ಪ್ರಿಯಂವದಾ ಕೈಯೆತ್ತಿದಳು. ಚೀಲ ಹೊತ್ತ ಕಪ್ಪನೆಯ, ಎತ್ತರದ ಹೆಂಗಸು ಇವಳತ್ತ ಎರಡು ಹೆಜ್ಜೆ ಬಂದು ನಿಂತುಬಿಟ್ಟಳು. ಅವಳ ನೋಟ ಪ್ರಿಯಂವದಾಳ ಭುಜದ ಆಚೆ, ಮೇಲ್ಸೇತುವೆಯ ಮೆಟ್ಟಿಲುಗಳ ಕಡೆ ನೆಟ್ಟಿತ್ತು. ನಿಧಾನವಾಗಿ ಸೆರಗೆಳೆದು ತಲೆಯ ಮೇಲೆ ಹೊದ್ದುಕೊಂಡಳು, ಹಿರಿಯರೆದುರು, ಗಂಡನೆದುರು ಹೊದ್ದುಕೊಳ್ಳುವಂತೆ. ಪ್ರಿಯಂವದಾ ತಟ್ಟನೆ ಹಿಂತಿರುಗಿದಳು. ಮೆಟ್ಟಿಲ ತುಂಬ ಜನ ಮೇಲೆ ಹೋಗುತ್ತಿದ್ದರು. ಎಲ್ಲರ ಬೆನ್ನೇ ಕಾಣುತ್ತಿತ್ತು. ಅಷ್ಟರಲ್ಲಿ ಒಂದು ನೀಲಿ ಅಂಗಿ ತಿರುವಿನಲ್ಲಿ ಮರೆಯಾಯಿತು. ಆದರೆ ಕಲ್ಯಾಣ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ನೀಲಿ ಅಂಗಿ ತೊಟ್ಟವರು ನೂರಾರು ಜನ ಇರುತ್ತಾರೆ.

"ಏನು ನೋಡಿದಿರಿ?" ಎಂದು ಕೇಳಿದಳು.

"ಏನಿಲ್ಲರೀ," ಎಂದಳು ಮಹಾನಂದಾ.

ಮನೆಯಲ್ಲಿ ಮೊದಲ ಗಂಟೆ ಕಷ್ಟದ್ದಾಗಿತ್ತು. ಯಾರು ಯಾರನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಪ್ರಿಯಂವದಾ ಮತ್ತು ಮಹಾನಂದಾ ಅಡುಗೆಮನೆಗೆ ಸರಿದರು. ಚಾ ಕುದಿಯುತ್ತಿದ್ದಂತೆ ಮಾತು ಮತ್ತೆ ಆ ಮರದ ಬುಡಕ್ಕೇ ಬಂತು.

"ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ," ಎಂದಳು ಪ್ರಿಯಂವದಾ. "ಚೌಕಳಿ ಅಂಗಿ. ನಾನೇ ಇಸ್ತ್ರಿ ಮಾಡಿದ್ದು."

"ಇಲ್ಲರೀ. ಶಾಲಿತ್ತು. ಹನ್ನೆರಡು ವರ್ಷ ಸಂಸಾರ ಮಾಡೀನಿ, ನನಗ ಗೊತ್ತಾಗಂಗಿಲ್ಲೇನು?"

ಇಬ್ಬರ ದನಿಯೂ ಏರಿತ್ತು. ಸತ್ತವನನ್ನು ಎಳೆದಾಡುತ್ತಿದ್ದೇವೆ ಅನ್ನಿಸಿ ಮಹಾನಂದಾ ಗ್ಯಾಸ್ ಸಣ್ಣ ಮಾಡಿದಳು. "ನೀವು ಕಂಡಾವರನ್ನ ನೀವು ಕಂಡೀರಿ," ಎಂದಳು. "ಆ ವಯಸ್ಸಿನಾಗ ಹ್ಯಾಂಗಿದ್ದರು, ಒಂದೀಟು ಹೇಳ್ರಿ ನನಗ." ಪ್ರಿಯಂವದಾ ಹೇಳತೊಡಗಿದಳು. ಚಾ ಆರಿತು.

ಹೊರಗಿನ ಕೋಣೆಯಲ್ಲಿ ವಸಂತಿ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಿದ್ದರು. ಹುಡುಗಿ ಮೊಣಕಾಲ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು.

"ನೀನೂ ಆ ಪಿಕ್ಚರ್ ನೋಡಿದಿಯಾ ಮಗಾ?"

"ನೋಡೀನಿ ಅಜ್ಜಿ. ಮೂರು ಸಲ."

"ನಿನಗೆ ಕಂಡಿತಾ ಅಪ್ಪ?"

ಅಂಬಿಕಾ ಒಳಗಿನ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅವ್ವನ ಮುಂದ ಹೇಳಿಲ್ಲ ನಾನು. ಹೂಂ ಅಂದುಬಿಟ್ಟೀನಿ. ನನಗ ಬರೇ ಗಿಡ ಕಾಣಿಸ್ತು. ಎಲ್ಲಾರಿಗೂ ಏನೋ ಕಾಣತೈತಿ, ನನಗಷ್ಟ ಯಾಕ ಇಲ್ಲ ಅಂತ ಭಾಳ ಅತ್ತೀನಿ."

ವಸಂತಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಹುಡುಗಿಯ ಕೈಯನ್ನು ತಮ್ಮ ತೊಡೆಯ ಮೇಲೆಳೆದುಕೊಂಡು ಒಂದೊಂದೇ ಬೆರಳನ್ನು ನೀವಿದರು.

"ನನಗೂ ಅಷ್ಟೇ," ಎಂದರು. "ಬರೀ ಮರ. ಮುಂದಿನ ತಿಂಗಳು ನಾನು ನಿಮ್ಮೂರಿಗೆ ಬರ್ತೇನೆ. ಆ ಮರವನ್ನಾದರೂ ಸರಿಯಾಗಿ ನೋಡಿ ಬರುವ, ನಾವಿಬ್ಬರೇ."