ಹೊನ್ನು ಎಂದ ಕುಡೋ-ಸಾನ್

ಹೊನ್ನು ಎಂದ, ಬಾಗಿಲ ಬಳಿ ನಿಂತು ನನ್ನ ಹೆಂಡತಿ ಚಂದ್ರಪ್ರಭಾಳಿಗೆ ಏನೋ ಹೇಳುತ್ತ ಹೊನ್ನು ಎಂದೇಬಿಟ್ಟ ಕುಡೋ-ಸಾನ್, ಒಲೆಗೆ ಸೌದೆ ತುಂಬುತ್ತಿದ್ದ ನನ್ನ ಕಿವಿಗೇ ಬಿತ್ತು — ಪಕ್ಕದ ಮನೆಯ ಎಪ್ಪತ್ತೆಂಟರ ಮುದುಕ, ಹೊಕ್ಕೈಡೋದ ಈ ಉತ್ತರದ ತುದಿ ಬಿಟ್ಟು ಕದಲದವನು, ಅವನ ಬಾಯಿಗೆ ಕನ್ನಡದ ಹೊನ್ನು ಎಲ್ಲಿಂದ ಬಂತು? ಅದು ನಮ್ಮಿಬ್ಬರ ಗುಟ್ಟಿನ ಮಾತು, ಗೋಲ್ಡ್ ಎಂದರೆ ಇಲ್ಲಿನ ಮಕ್ಕಳಿಗೂ ತಿಳಿಯುತ್ತದೆ, ಕೊಂಬಿನಿ ಅಂಗಡಿಯಲ್ಲಿ ನಿಂತು ಮಾತಾಡಿದರೂ ಯಾರಿಗೂ ಗೊತ್ತಾಗಬಾರದೆಂದು ನಾನೇ ಮಾಡಿದ ಏರ್ಪಾಡು, ಗೊತ್ತಿರುವುದು ಅವಳಿಗೆ ಮಾತ್ರ, ಹಾಗಾದರೆ ಹೇಳಿದ್ದು ಅವಳೇ. ತಡಿ ಮಧುಕರ್, ಬಾಯಿ ಬಿಡಬೇಡ. ಗಿರಿಧರನ ಕಥೆ ಮರೆತೆಯಾ, ನಗೋಯಾದ ಕೆಲಸ ಬಿಟ್ಟು ಜೊತೆಗೆ ಬಂದ ಗೆಳೆಯ, ಈ ಪಾಳು ಮನೆಯ ಛಾವಣಿ ಸರಿಮಾಡಿಕೊಟ್ಟವನು, ಹೊನ್ನು ಕದ್ದನೆಂದು ಅವನ ಚೀಲ ತಡಕಿದೆ, ಸಿಕ್ಕಿದ್ದು ಎರಡು ಬನಿಯನ್, ಅವನು ಊಟವನ್ನೂ ಮಾಡದೆ ಹೊರಟ, ಅಂದೇ ಅವಳು ಹೇಳಿದ್ದಳು, ಇನ್ನೊಂದ್ ಸಲ ಯಾರ ಮೇಲಾದ್ರೂ ಹೀಗ್ ಅನುಮಾನ ಪಟ್ರೆ ನಾನ್ ನಗೋಯಾಗೆ ಶ್ರಾವ್ಯಾ ಹತ್ರ ಹೋಗ್ಬಿಡ್ತೀನಿ ರೀ, ಮಗಳಾದ್ರೂ ನನ್ನ ನಂಬ್ತಾಳೆ. ಹೋಗುತ್ತಾಳೆ, ಆಡಿದ್ದನ್ನು ಮಾಡುವವಳು, ಅವಳಿಲ್ಲದೆ ಇಲ್ಲಿ ಒಂದು ಚಳಿಗಾಲವನ್ನೂ ನಾನು ಕಳೆಯಲಾರೆ, ಅದು ನನಗೆ ಗೊತ್ತು.

ಆದರೂ ಬೂಟಿನ ಗುರುತು? ಮೊದಲ ಹಿಮ ಬಿದ್ದ ಮೊನ್ನೆ, ಹೊಳೆಯ ತಿರುವಿನಲ್ಲಿ, ಬಿದ್ದ ಮರದ ಹಿಂದೆ, ಮೂರು ವರ್ಷ ಮರಳನ್ನು ಅಕ್ಕಿ ಗಾಳಿಸಿದ ಹಾಗೆ ತಟ್ಟೆಯಲ್ಲಿ ಗಾಳಿಸಿ ಗಾಳಿಸಿ ನಾನು ಕಂಡುಕೊಂಡ ಜಾಗದಲ್ಲಿ, ಸಾಸಿವೆ ಗಾತ್ರದ ಹೊನ್ನಿನ ಕಾಳು ಸಿಕ್ಕಿದ ಜಾಗದಲ್ಲೇ, ಅಗಲ ಹಿಮ್ಮಡಿಯ ಗುರುತು, ಹೋಗಿದ್ದು ಬಂದದ್ದು ಎರಡೂ. ನಿನ್ನೆ ಆಲೂಗಡ್ಡೆ ಮಡಿಯ ಬೇಲಿಯಾಚೆಯಿಂದ ಕೇಳುತ್ತಾನೆ, ಬೂಟು ತೋರಿಸಿ, ನಡುಗಿ ತೋರಿಸಿ, ಕಾಲು ತಣ್ಣಗಾಗುವುದಿಲ್ಲವೇ ಎಂದು, ನಾನು ನೀರಲ್ಲಿ ನಿಲ್ಲುವುದನ್ನು ನೋಡದೆ ಕೇಳುತ್ತಾನೆಯೇ? ಹೋದ ಚಳಿಗಾಲವಿಡೀ ನಮ್ಮ ಅಂಗಳದ ಹಿಮ ತಳ್ಳಿಕೊಟ್ಟ, ಸುಮ್ಮನೆ ಯಾರು ಮಾಡುತ್ತಾರೆ, ಅಗೋ, ಮತ್ತೆ ಹೊನ್ನು! ಅವಳು ನಗುತ್ತಿದ್ದಾಳೆ, ಜಪಾನಿ ಕಲಿತು ಊರಿನ ಶಿಶುವಿಹಾರದಲ್ಲಿ ಕೆಲಸ ಹಿಡಿದವಳು, ನಾನೋ ಹದಿಮೂರು ವರ್ಷ ನಗೋಯಾದಲ್ಲಿ ಇಂಗ್ಲಿಷಿನಲ್ಲೇ ದುಡಿದು ಸುಮಿಮಾಸೆನ್ ಅರಿಗಾತೋ, ಕ್ಷಮಿಸಿ ಧನ್ಯವಾದ, ಅಷ್ಟನ್ನು ದಾಟಲಿಲ್ಲ, ನಕ್ಕರೆ ಯಾಕೆಂದು ತಿಳಿಯದು, ಕಾಲು ಆಗಲೇ ಬಾಗಿಲಿಗೆ ಬಂದಿದೆ, ಬೇಡವೆಂದರೂ ಬಾಯಿ ಕೂಗುತ್ತಿದೆ, ಹೊನ್ನು ನನ್ನದು, ಮೈ ಪ್ಲೇಸ್, ಅವನ ಕೈಯ ಪೊಟ್ಟಣ ಕಸಿದಿದ್ದೇನೆ, ಕಾಗದ ಹರಿದಿದ್ದೇನೆ, ಒಳಗೆ ದಪ್ಪ ಉಣ್ಣೆಯ ಕಾಲುಚೀಲ, ಎರಡು ಜೊತೆ.

ರೀ, ಹೊನ್ನಲ್ಲ, ಹೊನ್ನೋ ಕಿಮೊಚಿ ಅಂದ್ರು ಅವರು, ಏನೋ ಸ್ವಲ್ಪ, ಪ್ರೀತಿಗೆ ಅಂತ, ಇಲ್ಲಿ ಏನ್ ಕೊಟ್ರೂ ಹಂಗ್ ಹೇಳೇ ಕೊಡೋದು, ಅವಳ ದನಿ ಏರಲೇ ಇಲ್ಲ, ಏರಿದ್ದರೆ ಚೆನ್ನಾಗಿತ್ತು. ಜಾಗ ಹೇಳಿದ್ದು ನಾನೇ ರೀ, ಕರಡಿ ಓಡ್ಸೋ ಗಂಟೆನೂ ಕಟ್ಕೊಳ್ದೆ ಒಬ್ರೇ ಹೋಗ್ತೀರಾ, ಒಂಚೂರ್ ನೋಡ್ಕೊಂಡ್ ಬನ್ನಿ ಅಂತ ದಿನಾ ಕಳಿಸ್ತಿದ್ದೆ ಅವರನ್ನ, ಎನ್ನುತ್ತಾಳೆ, ದಿನವೂ, ಈ ವಯಸ್ಸಿನವರನ್ನು, ನನಗಾಗಿ, ಸುಮಿಮಾಸೆನ್ ಎನ್ನಬೇಕು, ಅದನ್ನೂ ಅವರೇ ಹೇಳುತ್ತಿದ್ದಾರೆ, ತಪ್ಪು ಮಾಡದವರು, ಸುಮಿಮಾಸೆನ್ ಎಂದು ಸೊಂಟದವರೆಗೆ ಬಾಗಿದ್ದಾರೆ, ಅವರೆದುರು ಅವಳೂ ಬಾಗಿದ್ದಾಳೆ, ನನ್ನ ಪರವಾಗಿ, ಇದೇ ಕೊನೆಯ ಸಲ ಎಂಬಂತೆ, ಏಳಲಿ, ಎದ್ದು ಬೈಯಲಿ, ನಗೋಯಾ ಎನ್ನದೆ ಬೈಯಲಿ, ಬೋಳು ನೆತ್ತಿ, ಅವಳ ಬೈತಲೆ, ಅವರು ಏಳುವವರೆಗೆ ಅವಳು ಏಳುವುದಿಲ್ಲ, ಅವಳು ಏಳುವವರೆಗೆ ಅವರು, ಬೋಳು ನೆತ್ತಿ, ಬೈತಲೆ, ಬಾಗಿದ ಎರಡು ತಲೆ —