ನೂರಿಪ್ಪತ್ತೊಂದನೇ ಎಲೆ

ಕತೆ ಹೇಳುವವರ ಪಂಕ್ತಿಯಲ್ಲಿ ನನಗೂ ಒಂದು ಜಾಗ ಇದೆ ಎಂದುಕೊಂಡು ಕೂತವಳಲ್ಲ ನಾನು. ಹಗಲು ಟೈಪಿಂಗ್ ಕಲಿಸಿ, ಸಂಜೆ ಕಾಲೇಜಿಗೆ ಹೋಗಿ ಓದಿದವಳು. ಒಂದು ಅರ್ಜಿ ಬರೆದರೂ ನಾಲ್ಕು ಸಲ ಓದಿ, ಐದನೇ ಸಲ ಹರಿದು ಹಾಕುವ ಸ್ವಭಾವ. ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ತರಗತಿಯಲ್ಲೇ ಇದ್ದರು. ಆದರೆ ಅವರು ಬರೆಯುವವರಲ್ಲ, ನಗುವವರು. ಆದ್ದರಿಂದ ಕ್ಷಮೆ ಕೇಳಿ ನಾನೇ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ತೊಂಬತ್ತೆಂಟನೇ ಇಸವಿ. ಶಿರಸಿಯ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಬೇಕೆಂಬುದು ನನ್ನ ಆಸೆ. ಪಿಯುಸಿಯಲ್ಲಿ ಕಲಾ ವಿಭಾಗದವಳಾದ್ದರಿಂದ ಅದಕ್ಕೂ ಮೊದಲು ‘ಮಧ್ಯಮ ಬೀಜಗಣಿತ’ ಎಂಬ ಒಂದು ಪತ್ರಿಕೆ ಪಾಸು ಮಾಡಲೇಬೇಕಿತ್ತು. ಪಾಸಾದರೆ ಸೀಟು. ಇಲ್ಲವಾದರೆ ಟೈಪಿಂಗ್ ಕ್ಲಾಸಿನ ಕುರ್ಚಿ ಹೇಗೂ ಇತ್ತು, ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ನನಗೆ ಹೆದರಿಕೆಯಿದ್ದದ್ದೇ ಅದರ ಬಗ್ಗೆ, ಅದು ಎಲ್ಲಿಗೂ ಹೋಗುವುದಿಲ್ಲ ಎಂಬುದರ ಬಗ್ಗೆ.

ತರಗತಿಯಲ್ಲಿ ಹತ್ತು ಹನ್ನೆರಡು ಜನ. ಎಲ್ಲರೂ ಹಗಲು ಬೇರೆ ಏನೋ ಆಗಿದ್ದು ಸಂಜೆ ವಿದ್ಯಾರ್ಥಿಗಳಾಗುವವರು. ನನ್ನ ಪಕ್ಕ ಕೂರುವ ಪರಿಮಳಾ, ಹೆಗಡೆಯವರ ಮನೆಯ ಹುಡುಗಿ, ಸೊಸೈಟಿಯ ಕೌಂಟರಿನಲ್ಲಿ ಕೆಲಸ. ನಮ್ಮ ಜೊತೆ ಪುಸ್ತಕದ ಕನ್ನಡ ಆಡುತ್ತಿದ್ದವಳು ಸಿಟ್ಟು ಬಂದರೆ, ನಗು ಬಂದರೆ ತನ್ನ ಮನೆಮಾತಿಗೆ ಜಾರಿಬಿಡುತ್ತಿದ್ದಳು. ಹಿಂದಿನ ಬೆಂಚಿನ ನಾಗಪತಿ ಸಿದ್ದಾಪುರದ ರಸ್ತೆಯಲ್ಲಿ ಟೆಂಪೋ ಓಡಿಸುವವನು. ಅವನ ಪಕ್ಕ ಜಟ್ಟಪ್ಪಣ್ಣ. ಯಲ್ಲಾಪುರದ ಕಡೆಯವರು, ಅಂಚೆ ಕಚೇರಿಯ ನೌಕರರು, ನಮಗೆಲ್ಲ ಹಿರಿಯರು. ಕಾಲೇಜಿಗೆ ಹೋಗುವ ಮಗಳು ‘ಅಪ್ಪನ ಹತ್ತಿರ ಲೆಕ್ಕ ಕೇಳಬೇಡ’ ಎಂದು ತಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡು ಮರುದಿನವೇ ಬಂದು ಹೆಸರು ಹಚ್ಚಿದವರು.

ಪಾಠ ಮಾಡುವವರು ಅಂದಾನಪ್ಪ ಸರ್. ಗದಗಿನ ಕಡೆಯವರು, ಆ ವರ್ಷವಷ್ಟೇ ನಮ್ಮೂರಿಗೆ ಬಂದಿದ್ದರು. ಪಾಠ ಸ್ಪಷ್ಟ, ಅಕ್ಷರ ಮುತ್ತು, ಮುಖ ಮಾತ್ರ ಬಿಗಿ. ಅವರು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ‘ಸರ್ ನಗೆಯನ್ನ ಬ್ರಾಕೆಟ್ ಒಳಗೆ ಹಾಕಿ ಇಟ್ಟಿದಾರೆ, ಬಿಡಿಸೂಕೆ ಬರೂದಿಲ್ಲ’ ಎಂದು ನಾಗಪತಿ ಹೇಳುತ್ತಿದ್ದ.

ನಮ್ಮ ಮನೆಯಲ್ಲಿ ನಾನು ಮತ್ತು ಅಮ್ಮ. ಅಮ್ಮ ಚೌಡಮ್ಮನಿಗೆ ನಾನು ದಿನವೂ ಎಲ್ಲಿಗೆ ಹೋಗುತ್ತೇನೆ ಎಂಬುದು ಗೊತ್ತಿತ್ತು, ಏಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದಳು.

“ಇವತ್ತಾದ್ರೂ ಸಿಕ್ತನೇ ನಿನ್ನ ಎಕ್ಸು?”

“ಸಿಕ್ತು ಅಮ್ಮ.”

“ನಿನ್ನೆನೂ ಸಿಕ್ಕಿತ್ತು ಅಂದಿದ್ದೆ. ಸಿಕ್ಕಿದ್ದನ್ನ ಕಟ್ಟಿ ಹಾಕದು ಬಿಟ್ಟು ಮತ್ತೆ ಎಂತಕ್ಕೆ ಬಿಡ್ತೀರಿ?”

ತಪ್ಪಿಸಿಕೊಂಡ ದನವನ್ನು ಹುಡುಕಲು ಊರಿನವರೆಲ್ಲ ಕಾಲೇಜಿನಲ್ಲಿ ಸೇರುತ್ತಾರೆ ಎಂದೇ ಅವಳ ಕಲ್ಪನೆ. ಅದು ಅಷ್ಟೇನೂ ತಪ್ಪಲ್ಲ ಎಂದು ನನಗೂ ಅನ್ನಿಸುತ್ತಿತ್ತು.

ದೊಡ್ಡ ಪರೀಕ್ಷೆಗೆ ಮುಂಚೆ ಒಂದು ಕಿರುಪರೀಕ್ಷೆ ಇತ್ತು. ಅದರಲ್ಲಿ ದಾಟಿದವರ ಅರ್ಜಿಗೆ ಮಾತ್ರ ಸರ್ ಸಹಿ ಹಾಕುವುದು. ಕೊನೆಯ ಪ್ರಶ್ನೆಯನ್ನು ಅವರು ನಮಗೆ ಹತ್ತಿರವಾಗಲಿ ಎಂದು ಊಟದ ಮನೆಯಿಂದ ತೆಗೆದಿದ್ದರು. ಮದುವೆ ಮನೆಯೊಂದರಲ್ಲಿ ಊಟಕ್ಕೆ ಸಾಲು ಹಾಕಿದ್ದಾರೆ. ಎಷ್ಟು ಸಾಲುಗಳಿವೆಯೋ ಅದಕ್ಕಿಂತ ಎರಡು ಹೆಚ್ಚು ಜನ ಪ್ರತಿ ಸಾಲಿನಲ್ಲಿ ಕೂರುತ್ತಾರೆ. ಎರಡು ಸಾಲು ತೆಗೆದು, ಉಳಿದ ಪ್ರತಿ ಸಾಲಿಗೂ ಮೂರು ಜನರನ್ನು ಹೆಚ್ಚಿಸಿದರೂ ಅಷ್ಟೇ ಜನ ಹಿಡಿಸುತ್ತಾರೆ. ಹಾಗಾದರೆ ಒಟ್ಟು ಎಷ್ಟು ಬಾಳೆಎಲೆ ಬೇಕು?

ಪ್ರಶ್ನೆ ಓದಿದಾಗ ಎರಡೂ ಕಡೆ ಎಕ್ಸ್ ವರ್ಗ ಬರುತ್ತದೆ ಎಂದು ಕಂಡಿತು. ಎಕ್ಸ್ ವರ್ಗ ಎಂದರೆ ನನಗೆ ಯಾವಾಗಲೂ ಬಾಗಿಲಲ್ಲಿ ಮಲಗಿದ ನಾಯಿಯ ಹಾಗೆ. ಕಚ್ಚುತ್ತದೋ ಇಲ್ಲವೋ, ದಾಟುವುದಕ್ಕೆ ಧೈರ್ಯ ಬೇಕು. ಬಿಡಿಸುತ್ತಾ ಹೋದೆ. ಎಡಗಡೆ ಒಂದು ವರ್ಗ, ಬಲಗಡೆ ಒಂದು ವರ್ಗ. ಎರಡೂ ಒಂದಕ್ಕೊಂದು ಹೊಡೆದುಹೋದವು. ನಾಯಿ ಎದ್ದು ತಾನಾಗಿ ಹೊರಟುಹೋಯಿತು. ಎಕ್ಸ್ ಎಂದರೆ ಹತ್ತು. ಹತ್ತು ಸಾಲು, ಸಾಲಿಗೆ ಹನ್ನೆರಡು, ಒಟ್ಟು ನೂರಿಪ್ಪತ್ತು ಜನ. ಎರಡನೇ ಬಗೆಯಲ್ಲೂ ನೋಡಿದೆ. ಎಂಟು ಸಾಲು, ಸಾಲಿಗೆ ಹದಿನೈದು. ಅದೂ ನೂರಿಪ್ಪತ್ತೇ. ಲೆಕ್ಕ ಬಿಡಿಸಿ ಖುಷಿಪಡುವುದು ಎಂದರೆ ಏನೆಂದು ಅವತ್ತು ನನಗೆ ಮೊದಲ ಸಲ ತಿಳಿಯಿತು. ಪೇಪರ್ ಕೊಟ್ಟು ಹೊರಗೆ ಬಂದಾಗ ದೇವಿಕೆರೆಯ ನೀರಿಗೂ ಹೇಳಿಬಿಡಬೇಕು ಎನ್ನುವಷ್ಟು ಸಂತೋಷ.

ಮುಂದಿನ ತರಗತಿಗೆ ಅಂದಾನಪ್ಪ ಸರ್ ಪೇಪರುಗಳ ಕಟ್ಟು ಹಿಡಿದು ಬಂದರು. ಹಾಜರಿ ಕರೆಯಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಇಟ್ಟು ನಿಂತರು.

“ಕೇಳ್ರಿ ಎಲ್ಲಾರೂ. ಕಡೇ ಪ್ರಶ್ನಿಗೆ ಉತ್ತರ ನೂರಾ ಇಪ್ಪತ್ತು. ಒಬ್ಬರಷ್ಟ ಬರದಾರ. ಉಳಿದವ್ರು ನೂರಾ ಇಪ್ಪತ್ತೊಂದು. ಒಬ್ಬರಂತೂ ನೂರಾ ಇಪ್ಪತ್ಮೂರು. ಸರಿ ಉತ್ತರ ಹತ್ತು ಮಂದಿಗೆ ಒಂದ ಬರ್ತೈತಿ, ಅದು ಗಣಿತ. ತಪ್ಪು ಉತ್ತರ ಹತ್ತು ಮಂದಿಗೆ ಒಂದ ಬಂದ್ರ ಅದು ಏನ್ರಿ?”

ಸರ್ ಕಟ್ಟಿನ ಮೇಲೆ ಕೈ ಇಟ್ಟರು.

“ಅದು ಕಾಪಿ. ಯಾರದು ನೋಡಿ ಯಾರು ಬರದೀರಿ ಅಂತ ಶುಕ್ರವಾರದೊಳಗ ನನಗ ಗೊತ್ತಾಗಬೇಕು. ಅಲ್ಲೀ ತನಕ ಯಾರ ಅರ್ಜಿಗೂ ನಾ ಸಹಿ ಹಾಕೂದಿಲ್ಲ.”

ಅವರು ಪೇಪರುಗಳನ್ನು ಕೊಡಲೂ ಇಲ್ಲ, ಪಾಠ ಮಾಡಿ ಹೊರಟುಹೋದರು. ಆ ಪಾಠ ಏನೆಂದು ನನಗೆ ಗೊತ್ತಿಲ್ಲ. ಮೊದಲ ಬೆಂಚಿನಲ್ಲಿ ಕೂರುವವಳು ನಾನು. ಮೊದಲು ಪೇಪರ್ ಕೊಟ್ಟವಳು ನಾನು. ಪರೀಕ್ಷೆಯ ಮುಂಚಿನ ವಾರ ಎಲ್ಲರಿಗೂ ಲೆಕ್ಕ ಹೇಳಿಕೊಟ್ಟವಳೂ ನಾನೇ. ನೋಡಿ ಬರೆದಿದ್ದರೆ ನನ್ನದನ್ನೇ ನೋಡಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬಿ.ಕಾಂ. ಸೀಟು ಕಣ್ಣೆದುರಿಗೇ ದೂರ ಸರಿಯಿತು.

ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡು ನಾವು ನಾಲ್ವರು ಕೂತೆವು. ಮೊದಲು ಪರಿಮಳಾ ಸಿಡಿದಳು.

“ಆನು ಯಾರ್ದೂ ನೋಡಿದ್ನಿಲ್ಲೆ. ದೇವರ ಆಣೆ ನೋಡಿದ್ನಿಲ್ಲೆ. ಪ್ರತಿಭಾ, ನೀ ಹೇಳು, ನಿನ್ನ ಪೇಪರ್ ಕಡೆ ಕಣ್ಣು ಹಾಕಿದ್ನಾ?”

“ಇಲ್ಲ ಮಾರಾಯ್ತಿ.”

“ನಾನು ಹಿಂದೆ ಕೂತವ,” ಎಂದ ನಾಗಪತಿ. “ನಂಗೆ ಕಂಡಿದ್ದು ಪ್ರತಿಭಕ್ಕನ ಜಡೆ ಒಂದೇ. ಜಡೆ ನೋಡಿ ಲೆಕ್ಕ ಬರೆಯೂಕೆ ಬತ್ತದಾ?”

“ಹಂಗಾದ್ರೆ ನಿನಗೆ ನೂರಿಪ್ಪತ್ತೊಂದು ಎಲ್ಲಿಂದ ಬಂತು?” ಎಂದು ನಾನು ಕೇಳಿದೆ.

ನಾಗಪತಿ ಚಹಾದ ಲೋಟವನ್ನು ತಿರುಗಿಸಿದ. ಅವನು ನಾಚಿದ್ದನ್ನು ನಾನು ಮೊದಲ ಸಲ ನೋಡಿದ್ದು.

“ನಗಬಾರ್ದು ನೋಡಿ ಮತ್ತೆ. ಜನ ನೂರಿಪ್ಪತ್ತೇ ಬಂತು. ಆದ್ರೆ ಕೇಳಿದ್ದು ಎಷ್ಟು ಜನ ಅಂತಲ್ಲ, ಎಷ್ಟು ಎಲೆ ಅಂತ. ಮದುವೆ ಮನೆ. ದೇವರಿಗೆ ಒಂದು ಎಡೆ ಹಾಕದೆ ಜನಕ್ಕೆ ಬಡಿಸ್ತಾರಾ?”

ಪರಿಮಳಾ ಲೋಟ ಕೆಳಗಿಟ್ಟಳು. “ಅಯ್ಯ, ಆನೂ ಹಾಂಗೇ ಮಾಡಿದ್ದಿ.”

ನಾನೂ ಹಾಗೇ ಮಾಡಿದ್ದೆ. ನೂರಿಪ್ಪತ್ತು ಬಂದ ಸಂತೋಷದಲ್ಲಿ, ಕೈ ತಾನಾಗಿ ಒಂದು ಕೂಡಿಸಿತ್ತು. ನಮ್ಮಲ್ಲಿ ಊಟಕ್ಕೆ ಎಲೆ ಎಣಿಸುವವರು ಯಾರೂ ತಲೆ ಎಣಿಸಿ ನಿಲ್ಲಿಸುವುದಿಲ್ಲವಲ್ಲ. ದೇವರ ಎಡೆಯನ್ನು ಬೇರೆಯಾಗಿ ಹೇಳುವುದೂ ಇಲ್ಲ, ಅದು ಲೆಕ್ಕದ ಒಳಗೇ ಇರುತ್ತದೆ. ಆದರೆ ಪರೀಕ್ಷೆಯ ಪೇಪರಿನಲ್ಲಿ ‘ದೇವರಿಗೆ’ ಎಂದು ಬರೆಯಲು ನನಗೆ ಸಂಕೋಚವಾಗಿತ್ತು. ಎಲ್ಲರಿಗೂ ಹಾಗೇ ಆಗಿತ್ತು. ಒಬ್ಬೊಬ್ಬರೂ ಅದು ತಮ್ಮೊಬ್ಬರದೇ ಗುಟ್ಟು ಎಂದುಕೊಂಡು ಸುಮ್ಮನೆ ಒಂದು ಎಲೆ ಇಟ್ಟು ಬಂದಿದ್ದೆವು.

“ಹಂಗಾದ್ರೆ ನೂರಿಪ್ಪತ್ಮೂರು ಯಾರದ್ದು?” ಎಂದಳು ಪರಿಮಳಾ.

ಜಟ್ಟಪ್ಪಣ್ಣ ಮೆಲ್ಲಗೆ ಹೇಳಿದರು. “ದೇವರಿಗೊಂದು. ಗೋವಿಗೊಂದು. ಗದ್ದೆ ಕಾಯೋ ಚೌಡಿಗೊಂದು. ಚೌಡಿಯನ್ನ ಬಿಟ್ಟು ನೀವೆಲ್ಲ ಊಟ ಮಾಡ್ತೀರಿ ಅಂತ ನಂಗೆ ಗೊತ್ತಿರ್ಲಿಲ್ಲ.”

ನಾವು ನಕ್ಕ ಹೊಡೆತಕ್ಕೆ ಕ್ಯಾಂಟೀನಿನವರು ಒಳಗಿನಿಂದ ಇಣುಕಿ ನೋಡಿದರು. ಪರಿಮಳಾಳಿಗೆ ಕಣ್ಣಲ್ಲಿ ನೀರು. ನಕ್ಕು ಮುಗಿದ ಮೇಲೆ, ಇದನ್ನು ಸರ್‌ಗೆ ಯಾರು ಹೇಳುವುದು ಎಂಬ ಮಾತು ಬಂತು. ಮೂವರೂ ನನ್ನ ಕಡೆ ನೋಡಿದರು.

“ನೀನೇ ಹೇಳವು,” ಎಂದಳು ಪರಿಮಳಾ. “ನೀ ಹೇಳಿದ್ರೆ ಸುಳ್ಳು ಅಂತ ಯಾರಿಗೂ ಅನ್ಸತಿಲ್ಲೆ. ಹೆದರಿಕೊಂಡು ಹೇಳ್ತೆ ಅಲ್ದಾ, ಅದಕ್ಕೆ.”

ಶುಕ್ರವಾರ ಸರ್ ಬಂದು ಕೂತೊಡನೆ ನಾನು ಎದ್ದು ನಿಂತೆ. ಮನೆಯಲ್ಲಿ ಕನ್ನಡಿಯ ಮುಂದೆ ಕಲಿತ ಮಾತು ಒಂದೂ ನೆನಪಾಗಲಿಲ್ಲ. “ಸರ್, ಆ ಒಂದು ಎಲೆ ದೇವರದ್ದು” ಎಂದುಬಿಟ್ಟೆ.

ಅವರು ತಲೆ ಎತ್ತಿದರು. ನಾನು ತಡವರಿಸುತ್ತ ಎಡೆಯ ವಿಷಯವನ್ನೆಲ್ಲ ಹೇಳಿದೆ. ಗೋವನ್ನೂ ಚೌಡಿಯನ್ನೂ ಜಟ್ಟಪ್ಪಣ್ಣ ಎದ್ದು ತಾವೇ ಹೇಳಿದರು. ಸರ್ ಮುಖ ಮೊದಲಿನ ಹಾಗೇ ಇತ್ತು.

“ಪ್ರಶ್ನಿ ಒಳಗ ದೇವ್ರು ಎಲ್ಲೆದಾನ್ರಿ?”

“ಪ್ರಶ್ನೆ ಒಳಗೆ ಉಪ್ಪೂ ಇಲ್ಲ ಸರ್,” ಎಂದ ನಾಗಪತಿ ಹಿಂದಿನಿಂದ. “ಹಂಗಂತ ಎಲೆಗೆ ಉಪ್ಪು ಬಡಿಸದೆ ಬಿಡ್ತಾರಾ?”

“ನೀವು ಸುಮ್ಕ ಕುಂದರ್ರಿ.” ಸರ್ ಆಮೇಲೆ ಸೀಮೆಸುಣ್ಣ ತೆಗೆದು ನನ್ನ ಕಡೆ ಚಾಚಿದರು. “ಬರ್ರಿ ಇಲ್ಲೆ. ನಾ ಒಂದು ಲೆಕ್ಕ ಹೇಳ್ತೀನಿ, ಎಲ್ಲಾರ ಮುಂದ ಬಿಡಸ್ರಿ. ನಿಮಗ ಬರ್ತೈತೋ ಇಲ್ಲೋ ನೋಡೂಣು. ನೀವು ಬಿಡಿಸಿದ್ರ ನಿಮ್ಮ ಮಾತು ನಂಬ್ತೀನಿ. ಎಲ್ಲಾರ ಅರ್ಜಿಗೂ ಸಹಿ.”

ನನ್ನದೊಂದೇ ಆಗಿದ್ದರೆ ಸೋತರೂ ಸರಿ ಎನ್ನಬಹುದಿತ್ತು. ಈಗ ಎಲ್ಲರ ಸೀಟೂ ನನ್ನ ಕೈಯ ಸುಣ್ಣದ ತುಂಡಿನಲ್ಲಿತ್ತು. ಬೋರ್ಡಿನ ಹತ್ತಿರ ಹೋಗುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು.

“ಒಂದು ಗದ್ದಿ. ಅಗಲಕ್ಕಿಂತ ಉದ್ದ ಏಳು ಮಾರು ಹೆಚ್ಚು. ಕ್ಷೇತ್ರಫಲ ನೂರಾ ನಲವತ್ನಾಕು ಚದರ ಮಾರು. ಉದ್ದ ಅಗಲ ಹೇಳ್ರಿ.”

ಎಕ್ಸ್ ವರ್ಗ ಕೂಡಿಸು ಏಳು ಎಕ್ಸ್ ಕಳೆ ನೂರಾ ನಲವತ್ನಾಲ್ಕು. ಈ ಸಲ ನಾಯಿ ಏಳಲಿಲ್ಲ, ಅದು ಅಲ್ಲೇ ಮಲಗಿತ್ತು. ನೂರಾ ನಲವತ್ನಾಲ್ಕನ್ನು ಎರಡು ಸಂಖ್ಯೆಗಳಾಗಿ ಒಡೆಯಬೇಕು, ಅವುಗಳ ನಡುವೆ ಏಳರ ಅಂತರ ಇರಬೇಕು. ಹನ್ನೆರಡು ಹನ್ನೆರಡಲ ಎಂದೆ, ಅಂತರವೇ ಇಲ್ಲ. ಎಂಟು ಹದಿನೆಂಟಲ, ಅಂತರ ಹತ್ತು. ಬೆನ್ನ ಹಿಂದೆ ಜಟ್ಟಪ್ಪಣ್ಣ ಬಾಯೊಳಗೇ ಮಗ್ಗಿ ಹೇಳುತ್ತಿದ್ದುದು ಕೇಳುತ್ತಿತ್ತು. ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ, ಆದರೆ ಆ ಗುನುಗು ಕೇಳಿ ಮನಸ್ಸು ಒಂದು ಕಡೆ ನಿಂತಿತು. ಒಂಬತ್ತು ಹದಿನಾರಲ. ಅಂತರ ಏಳು.

ಬರೆದೆ. ಎಕ್ಸ್ ಎಂದರೆ ಒಂಬತ್ತು, ಅಥವಾ ಋಣ ಹದಿನಾರು. ಗದ್ದೆಯ ಅಗಲ ಸೊನ್ನೆಗಿಂತ ಕಡಿಮೆ ಇರಲಾರದ್ದರಿಂದ ಋಣ ಹದಿನಾರನ್ನು ಬಿಟ್ಟೆ. ಅಗಲ ಒಂಬತ್ತು ಮಾರು, ಉದ್ದ ಹದಿನಾರು ಮಾರು. ಕೆಳಗೆ ಎರಡು ಗೆರೆ ಎಳೆದೆ.

ಸರ್ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಮುಗೀತೇನ್ರಿ? ಇದರಾಗ ದೇವ್ರ ಪಾಲು?”

ಅವರು ಗದರಿಸುತ್ತಿದ್ದಾರೋ ಕೇಳುತ್ತಿದ್ದಾರೋ ತಿಳಿಯಲಿಲ್ಲ. ನನಗೆ ಹೊಳೆದದ್ದನ್ನು ಹೇಳಿದೆ.

“ಮೂಲೆಯಲ್ಲಿ ಚೌಡಿಗೆ ಒಂದು ಕಲ್ಲು ಹಾಕುವಷ್ಟು ಜಾಗ ಬಿಡಬೇಕು ಸರ್. ಆದರೆ ಅದು ಉತ್ತರ ಬರೆದಾದ ಮೇಲೆ.”

ಅಂದಾನಪ್ಪ ಸರ್ ನಕ್ಕರು. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು, ಆಮೇಲೆ ಭುಜ ಕುಣಿಯಿತು, ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. “ಬ್ರಾಕೆಟ್ ಬಿಡಿಸ್ಬಿಟ್ಯಲ್ಲ ಪ್ರತಿಭಕ್ಕ,” ಎಂದು ನಾಗಪತಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಸರ್‌ಗೂ ಕೇಳಿಸಿತು. ಆ ಸಂಜೆಯೇ ಅವರು ಎಲ್ಲರ ಅರ್ಜಿಗಳಿಗೂ ಸಹಿ ಹಾಕಿದರು. ಜಟ್ಟಪ್ಪಣ್ಣನ ಅರ್ಜಿಗೆ ಹಾಕುವಾಗ ಮಾತ್ರ ತಲೆ ಎತ್ತಿ, “ಚೌಡಿ ಅಂದ್ರ ಯಾರ್ರಿ? ನನಗ ಸ್ವಲ್ಪ ಹೇಳ್ರಿ” ಎಂದರು. ಜಟ್ಟಪ್ಪಣ್ಣ ಹೇಳುತ್ತಾ ಕೂತರು, ಯಲ್ಲಾಪುರದ ಬಸ್ಸು ಹೊರಟುಹೋಯಿತು, ಅವರನ್ನು ನಾಗಪತಿ ತನ್ನ ಟೆಂಪೋದಲ್ಲಿ ಬಿಟ್ಟುಬಂದ.

ಮನೆಗೆ ಬಂದಾಗ ಅಮ್ಮ ಎಂದಿನಂತೆ ಕೇಳಿದಳು. ಸಿಕ್ಕಿತು, ಈ ಸಲ ಕಟ್ಟಿ ಹಾಕಿ ಬಂದೆ ಎಂದೆ.

ದೊಡ್ಡ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದೆವು. ಕೊನೆಯ ದಿನ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ತರಗತಿಯಲ್ಲೇ ಊಟ ಮಾಡಿದೆವು. ಪರಿಮಳಾ ತಂದ ತಂಬುಳಿಗೆ ಸರ್ ಎರಡು ಸಲ ಕೈ ಚಾಚಿದರು. ಅದಕ್ಕೂ ಮೊದಲು ಎಲೆ ಹಾಕಿದವರು ಅವರೇ. ಬೆಂಚುಗಳನ್ನು ಸರಿಸಿ, ನಮ್ಮನ್ನು ಎಣಿಸಿ, ಸಾಲಾಗಿ ಎಲೆ ಹಾಕಿ, ಕೊನೆಗೆ ಬೋರ್ಡಿನ ಕೆಳಗೆ ಒಂದು ಎಲೆ ಹಾಕಿದರು. ನಿಂತು ಯೋಚಿಸಿ ಅದರ ಪಕ್ಕ ಇನ್ನೂ ಎರಡು ಹಾಕಿ ಜಟ್ಟಪ್ಪಣ್ಣನ ಮುಖ ನೋಡಿದರು.

ನಾನು ಬಿ.ಕಾಂ. ಸೇರಿದೆ, ಮುಗಿಸಿದೆ. ಅದು ಬೇರೆ ಮಾತು. ಈ ಕತೆಯಲ್ಲಿ ನನಗೆ ಗೊತ್ತಿಲ್ಲದ್ದು ಉಳಿದಿರುವುದು ಒಂದು. ಅವತ್ತು ನೂರಿಪ್ಪತ್ತು ಬರೆದವರು ಒಬ್ಬರಿದ್ದರಲ್ಲ, ಅವರು ಯಾರು? ಸರ್ ಆ ಪೇಪರುಗಳನ್ನು ಕೊನೆಯವರೆಗೂ ಕೊಡಲಿಲ್ಲ. ಆಮೇಲೆ ವರ್ಗವಾಗಿ ಹೋದರು. ಈಗಲೂ ತರಗತಿಯವರು ಎಲ್ಲಾದರೂ ಸಿಕ್ಕರೆ ಆ ಮಾತು ಬರುತ್ತದೆ. ಎಲ್ಲರೂ ನಾನಲ್ಲ, ನಾನು ದೇವರಿಗೆ ಇಟ್ಟಿದ್ದೆ ಎನ್ನುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಒಂದು ಕೂಡಿಸಿದ್ದು ನನಗೆ ನೆನಪಿದೆ. ನೆನಪಿದೆ ಎಂದೇ ಅಂದುಕೊಂಡಿದ್ದೇನೆ. ಆದರೆ ಅಷ್ಟು ಜನರಲ್ಲಿ ಸರ್ ಸೀಮೆಸುಣ್ಣವನ್ನು ನನ್ನ ಕಡೆಗೇ ಏಕೆ ಚಾಚಿದರು, ನಾನು ಎದ್ದು ನಿಂತಿದ್ದೆನೆಂದೋ, ನನ್ನ ಮೇಲೆ ಸಂಶಯವಿತ್ತೆಂದೋ, ಇಲ್ಲ ಆ ಒಂದು ಪೇಪರು ನನ್ನದೇ ಆಗಿತ್ತೆಂದೋ, ಅದು ನನಗೆ ಗೊತ್ತಿಲ್ಲ.