ಮೋಟುಗಿವಿಯ ಕುರಿಗಳು

ಅಜ್ಜಿಯ ಕಡೆಯಿಂದ ಬಂದಿರಬಹುದೆ? ಕುರಿಗೂ ಅಜ್ಜಿ ಇರುತ್ತಾಳೆ. ತಂದೆ ತಾಯಿ ಇಬ್ಬರದೂ ಉದ್ದ ಕಿವಿಯಾಗಿದ್ದು ಮಗಳಿಗೆ ಮೋಟುಗಿವಿ ಬಂದರೆ ಅಜ್ಜಿಯನ್ನು ಅನುಮಾನಿಸುವುದೇ ಮರ್ಯಾದೆ. ಮರಿಗಳು ಹುಟ್ಟಿದಾಗಿನಿಂದ ಗೋವರ್ಧನ ಅದನ್ನೇ ಮಾಡುತ್ತಿದ್ದ. ಇವತ್ತು ಹಾಲು ಅಳೆದ ಮೇಲೆ ಅಜ್ಜಿಯೊಬ್ಬಳೇ ಸಾಲಲಿಲ್ಲ.

ಡಿಗ್ರಿ ಮುಗಿಸಿ ಅವನು ದೊಡ್ಡಉಳ್ಳಾರ್ತಿಗೆ ಮರಳಿದಾಗ ಚೀಸ್ ಮಾಡುವವರೊಬ್ಬರು ಕುರಿ ಹಾಲು ಕೇಳುತ್ತಿದ್ದರು. ಅಪ್ಪ ತಿಪ್ಪಯ್ಯನ ಕುರಿಗಳ ಹಾಲು ಮರಿಗಳಿಗೇ ಸರಿಹೋಗುತ್ತಿತ್ತು. ತಳಿ ಸುಧಾರಿಸಲೆಂದು ಗೋವರ್ಧನ ಸಿದ್ದಾಪುರದಲ್ಲಿ ಒಂದು ಒಳ್ಳೆಯ ಹಾಲಿನ ಕುರಿಯನ್ನು ಹುಡುಕಿ, ಅದರ ಉದ್ದ ಕಿವಿಯ ಮಗನನ್ನು ತಂದ. ಟಗರು ಹಾಲು ಕೊಡುವುದಿಲ್ಲ. ಆರಿಸಿದ್ದು ಸರಿಯೇ ಎಂದು ತಿಳಿಯಬೇಕಾದರೆ ಅದರ ಹೆಣ್ಣುಮಕ್ಕಳು ಬೆಳೆದು ಈಯುವವರೆಗೆ ಕಾಯಬೇಕು.

ಮನೆಯಲ್ಲೊಂದು ಹಳೆಯ ಮೋಟುಗಿವಿ ಟಗರಿತ್ತು. ಅಪ್ಪ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಅದು ಕುರಿಗಳ ಮೇಲೆ ಹಾರದಂತೆ ಗೋವರ್ಧನ ಅದರ ಹೊಟ್ಟೆಯ ಕೆಳಗೆ ಗೋಣಿಪಟ್ಟಿ ಕಟ್ಟಿ ಮೇಯಲು ಕಳಿಸುತ್ತಿದ್ದ. ಮರಿಗಳು ಹುಟ್ಟಿದ ಮೇಲೆ ಎರಡು ಟಗರು ದಂಡ ಎಂದು ಅದನ್ನು ಕಟುಕರಿಗೆ ಕೊಡಿಸಿದ. ಅಪ್ಪನೇ ಅದನ್ನು ಟೆಂಪೋ ಹತ್ತಿಸಿದ್ದ.

ಈಗ ಆ ಮರಿಗಳೇ ಈದಿದ್ದವು. ಹಾಲು ಅಳೆಯುವುದು ಗೋವರ್ಧನನೊಬ್ಬನ ಕೆಲಸ. ಉದ್ದ ಕಿವಿಯವು ತಾಯಂದಿರಷ್ಟೇ ಕೊಟ್ಟವು. ಮೋಟುಗಿವಿಯವು ಎಲ್ಲವೂ ಚೊಂಬು ತುಂಬಿಸಿ, ಇನ್ನೂ ಇದೆ ಎಂಬಂತೆ ನಿಂತಿದ್ದವು.

ಸಂಜೆ ಮಾರುತೇಶ ಬಂದ. ಅಪ್ಪನ ಜೊತೆ ಕಾವಲಿನ ಹುಲ್ಲುಬಯಲಲ್ಲಿ ಕುರಿ ಮೇಯಿಸುವವನು. ಸಿದ್ದಾಪುರದ ಟಗರಿನದೊಂದು ಮರಿ ಬೇಕೆಂದ. ಟೀ ಕುಡಿಯುತ್ತ ಅಪ್ಪನ ಕಡೆ ತಿರುಗಿದ.

“ತಿಪ್ಪಯ್ಯಣ್ಣ, ಆ ಹಳೇ ಟಗರಿನ ಗೋಣಿ ಚಡ್ಡಿ ಎಲ್ಲೈತೆ? ಹಗಲೆಲ್ಲ ಜಾಲಿ ಗಿಡಕ್ಕೆ ನೇತಾಕ್ತಿದ್ಯಲ್ಲ.”

ಯಾರೂ ನಗಲಿಲ್ಲ. ಮಾರುತೇಶ ಲೋಟ ಇಟ್ಟು, ಬರ್ತೀನಿ ಎಂದು ಹೊರಟ.

ಅಪ್ಪ ನೆಲ ನೋಡುತ್ತ ಹೇಳಿದ. “ಜನ ನಗ್ತಿದ್ರು ಕಣ್ಲೇ. ಜೇಬು ಇಡಿಸ್ಲಿಲ್ವಾ ಅಂತ ಕೇಳೋರು. ಬಿಚ್ತಿದ್ದೆ. ಸಂಜೆ ಕಟ್ಕಂಡು ಬರ್ತಿದ್ದೆ.”

“ದಿನಾನೂವಾ?”

“ಮೊದಲ್ನೇ ದಿನ ಬಿಟ್ಟು.”

ಗೋವರ್ಧನ ಚೊಂಬು ತೊಳೆಯತೊಡಗಿದ. ಅದು ಆಗಲೇ ತೊಳೆದದ್ದಾಗಿತ್ತು.

“ನಿನ್ನ ತಳಿ ಕೆಡಿಸಿಬಿಟ್ಟೆ,” ಎಂದ ಅಪ್ಪ. “ಆ ಮೋಟುಗಿವಿಯವನ್ನೆಲ್ಲ ಬರೋ ವಾರ ಚಳ್ಳಕೆರೆ ಸಂತೆಗೆ ಹೊಡ್ಕಂಡು ಹೋಗ್ತೀನಿ. ಚೊಕ್ಕ ಆಗ್ಲಿ.”

“ಬ್ಯಾಡ. ಇರ್ಲಿ.”

“ಯಾಕ್ಲೇ?”

“ಮರಿ ಇನ್ನಾ ಸಣ್ಣವು.”

ಮಗ ದೊಡ್ಡ ಮನಸ್ಸು ಮಾಡಿದ ಎಂದುಕೊಂಡಿರಬೇಕು. ಅಪ್ಪ ಎದ್ದು ಹೋಗಿ ಸಿದ್ದಾಪುರದ ಟಗರಿಗೆ ಸೊಪ್ಪು ಹಾಕಿದ. ಆಮೇಲೆ ಇನ್ನೊಂದಿಷ್ಟು ಹಾಕಿದ.

ಮೋಟುಗಿವಿಯವೇ ಹೆಚ್ಚು ಹಾಲು ಕೊಡುತ್ತವೆ, ತಾನು ಕಟುಕರಿಗೆ ಕೊಡಿಸಿದ್ದು ಒಳ್ಳೆಯ ಟಗರನ್ನೇ ಎಂದು ಗೋವರ್ಧನ ಅಪ್ಪನಿಗೆ ಎಂದೂ ಹೇಳಲಿಲ್ಲ.